ಮೊದಲು ಕಾಲಾಳು, ಆಮೇಲೆ ರಾಣಿ

ಮುಂಬೈ ಹತ್ತಿರದ ಡೊಂಬಿವಲಿಯಲ್ಲಿ ಕನ್ನಡಿಗರ ಬಳಗವೊಂದರ ಚಿಕ್ಕ ಹಾಲ್‌ನಲ್ಲಿ ಭಾನುವಾರ ಬೆಳಿಗ್ಗೆ ಹತ್ತರಿಂದ ಹನ್ನೆರಡರ ತನಕ ಚದುರಂಗ ಕಲಿಸುತ್ತೇವೆ. ಒಂದು ತಂಡಕ್ಕೆ ಹನ್ನೆರಡು ಮಂದಿ, ಆರು ಬೋರ್ಡ್, ಆರು ಭಾನುವಾರ. ಏಳೆಂಟು ವರ್ಷದ ಮಕ್ಕಳೇ ಹೆಚ್ಚು. ಅವರನ್ನು ಬಿಡಲು ಬಂದ ಅಪ್ಪ, ಅಮ್ಮ, ಅಜ್ಜಂದಿರೂ ಕೆಲವೊಮ್ಮೆ ಜಮಖಾನದ ಮೇಲೆ ಕೂತು ಕಲಿಯುತ್ತಾರೆ. ಏನೂ ಗೊತ್ತಿಲ್ಲದೆ ಬರುವವರು ಕಡಿಮೆ, ಅರ್ಧಂಬರ್ಧ ಗೊತ್ತಿದ್ದು ಬರುವವರೇ ಬಹಳ. ಒಬ್ಬನಿಗೆ ಊರಿನ ಅಜ್ಜ ಹೇಳಿಕೊಟ್ಟ ಕಟ್ಟಳೆ, ಇನ್ನೊಬ್ಬಳಿಗೆ ಬಿಲ್ಡಿಂಗಿನ ಗೆಳತಿಯರು ಮಾಡಿಕೊಂಡ ಕಟ್ಟಳೆ, ಉಳಿದವರಿಗೆ ಮೊಬೈಲ್. ಮೊಬೈಲ್‌ನಲ್ಲಿ ಕಲಿತವರು ಚುರುಕಾಗಿಯೇ ಆಡುತ್ತಾರೆ. ಆದರೆ ತಪ್ಪು ನಡೆಯನ್ನು ಪರದೆ ಒಪ್ಪಿಕೊಳ್ಳುವುದೇ ಇಲ್ಲ. ಕಾಯಿ ತಾನಾಗಿ ಹಿಂದಕ್ಕೆ ಹೋಗಿ ಕೂರುತ್ತದೆ. ಎದುರಿಗೆ ಬೋರ್ಡ್ ಹಾಸಿ ಕೂತಾಗ ಹಾಗೆ ತಡೆಯುವವರು ಯಾರೂ ಇಲ್ಲ. ನಿಯಮವೆಲ್ಲ ತಲೆಯಲ್ಲೇ ಇರಬೇಕು. ನಮ್ಮ ಆರು ವಾರದ ಕ್ರಮ ಹುಟ್ಟಿದ್ದು ಈ ಕಾರಣಕ್ಕೆ.

ಬೋರ್ಡ್ ಆರಿಸುವುದರಲ್ಲಿ ರಾಜಿ ಬೇಡ. ಮಡಚುವ ಅಯಸ್ಕಾಂತದ ಪುಟ್ಟ ಸೆಟ್ಟು ರೈಲಿನಲ್ಲಿ ಹೊತ್ತು ಕಳೆಯಲು ಸರಿ, ಕಲಿಯಲು ಬೇಡ. ಒಂಟೆ ಯಾವುದು, ಕಾಲಾಳು ಯಾವುದು ಎಂದು ಬಗ್ಗಿ ನೋಡುವಂತಾಗುತ್ತದೆ. ಸುರುಳಿ ಸುತ್ತುವ ವಿನೈಲ್ ಬೋರ್ಡ್ ಸಾಕು. ಮನೆಯ, ಅಂದರೆ ಬೋರ್ಡಿನ ಒಂದು ಚೌಕದ, ಬದಿ 5ರಿಂದ 6 ಸೆಂಟಿಮೀಟರ್, ರಾಜನ ಎತ್ತರ ಸುಮಾರು 9.5 ಸೆಂಟಿಮೀಟರ್ ಇರಬೇಕೆಂದು ವಿಶ್ವ ಚದುರಂಗ ಸಂಸ್ಥೆ ಫಿಡೆ ಹೇಳುತ್ತದೆ. ಅಂಗಡಿಯಲ್ಲಿ ಟೇಪು ಹಿಡಿಯಬೇಕಾಗಿಲ್ಲ. ಒಂದೇ ಮನೆಯೊಳಗೆ ನಾಲ್ಕು ಕಾಲಾಳುಗಳನ್ನು ನಿಲ್ಲಿಸಿ ನೋಡಿ. ನಾಲ್ಕೂ ಸರಿಯಾಗಿ ಹಿಡಿಸಿದರೆ ಬೋರ್ಡಿಗೂ ಕಾಯಿಗೂ ಹೊಂದಿಕೆಯಾಗುತ್ತದೆ. 32 ಕಾಯಿಯ ಬದಲು 34 ಇರುವ ಸೆಟ್ಟು ಕೊಳ್ಳಿ. ಹೆಚ್ಚಿನ ಎರಡು ರಾಣಿಯರ ಬೆಲೆ ಐದನೇ ವಾರ ತಿಳಿಯುತ್ತದೆ.

ಬೋರ್ಡ್ ಹಾಸುವಾಗ ಪ್ರತಿಯೊಬ್ಬರ ಬಲಗೈ ಮೂಲೆಯಲ್ಲಿ ಬಿಳಿ ಮನೆ ಬರಬೇಕು. ಇಲ್ಲಿ ತಪ್ಪಿದರೆ ಮುಂದಿನದೆಲ್ಲ ತಪ್ಪು. ಬಿಳಿ ರಾಣಿ ಬಿಳಿ ಮನೆಯಲ್ಲಿ, ಕರಿ ರಾಣಿ ಕರಿ ಮನೆಯಲ್ಲಿ ಎಂಬ ಸೂತ್ರ ಎಲ್ಲರಿಗೂ ಬಾಯಿಪಾಠ. ಆದರೆ ಬೋರ್ಡ್ ಅಡ್ಡ ತಿರುಗಿದ್ದರೆ ಅದೇ ಸೂತ್ರ ರಾಜನ ಜಾಗಕ್ಕೆ ರಾಣಿಯನ್ನು, ರಾಣಿಯ ಜಾಗಕ್ಕೆ ರಾಜನನ್ನು ತಂದು ನಿಲ್ಲಿಸುತ್ತದೆ. ಎರಡೂ ಕಡೆ ಹಾಗೇ ಅದಲುಬದಲಾಗುವುದರಿಂದ ತಪ್ಪು ಕಣ್ಣಿಗೆ ಬೀಳುವುದಿಲ್ಲ. ಆಟ ನಡೆದೇ ಹೋಗುತ್ತದೆ, ಕನ್ನಡಿಯಲ್ಲಿ ಕಂಡ ಹಾಗೆ. ಅಂಚಿನಲ್ಲಿ ಅಕ್ಷರ, ಅಂಕಿ ಅಚ್ಚಾದ ಬೋರ್ಡಾದರೆ ಬಿಳಿ ಆಡುವವರ ಎಡಮೂಲೆ ಎ1, ಬಲಮೂಲೆ ಎಚ್1. ಅಕ್ಷರ ಎಡದಿಂದ ಬಲಕ್ಕೆ ಎಯಿಂದ ಎಚ್, ಅಂಕಿ ಬಿಳಿಯ ಕಡೆಯಿಂದ ಕರಿಯ ಕಡೆಗೆ 1ರಿಂದ 8, ಎರಡೂ ಸೇರಿ ಒಂದೊಂದು ಮನೆಯ ಹೆಸರು.

ಹೆಸರುಗಳದ್ದು ಮುಂಬೈ ಕಡೆಯ ಮಕ್ಕಳಿಗೆ ಇನ್ನೊಂದು ತೊಡಕು. ಶಾಲೆಯಲ್ಲಿ ಮರಾಠಿಯ ಹತ್ತಿ, ಉಂಟ್, ವಜೀರ್, ಪ್ಯಾದೆ. ಕೋಚ್ ಬಾಯಲ್ಲಿ ರೂಕ್, ಬಿಷಪ್, ಕ್ವೀನ್, ಪಾನ್. ಮನೆಯಲ್ಲಿ ಆನೆ, ಒಂಟೆ, ಮಂತ್ರಿ, ಕಾಲಾಳು. "ಸರ್, ಹತ್ತಿ ಓರೆಯಾಗಿ ಹೋಗ್ತದಾ?" ಎಂದು ಮಗು ಕೇಳಿದರೆ, ಊರಿಂದ ಬಂದ ಅಜ್ಜಿಗೆ ದಿಂಬಿನ ಹತ್ತಿಯೇ ನೆನಪಾಗುತ್ತದೆ. ಆದ್ದರಿಂದ ಮೊದಲ ಹತ್ತು ನಿಮಿಷ ಒಂದೊಂದು ಕಾಯಿಯನ್ನೂ ಕೈಯಲ್ಲಿ ಹಿಡಿದು ಮೂರೂ ಭಾಷೆಯಲ್ಲಿ ಹೇಳಿಸುತ್ತೇವೆ. ಮುಂದೆ ತರಗತಿಯಲ್ಲಿ ಆನೆ, ಒಂಟೆ, ಕುದುರೆ, ರಾಣಿ, ರಾಜ, ಕಾಲಾಳು ಎಂದೇ ನಡೆಯುತ್ತದೆ.

ಮೊದಲ ಭಾನುವಾರ ಬೋರ್ಡಿನ ಮೇಲೆ ಬರೀ ಕಾಲಾಳು. ಕಡೆಗೆ ಎಂಟರಂತೆ ಹದಿನಾರು, ಬೇರೇನೂ ಇಲ್ಲ. ಯಾರ ಕಾಲಾಳು ಮೊದಲು ಎದುರಿನ ಕೊನೆಯ ಸಾಲು ಮುಟ್ಟುತ್ತದೋ ಅವರು ಗೆದ್ದರು. ನಡೆಸಲು ಒಂದೂ ಕಾಲಾಳು ಉಳಿಯದಿದ್ದರೆ ಆಟ ಸಮ. ಬಿಳಿಯದೇ ಮೊದಲ ನಡೆ. ಕಾಲಾಳು ನೇರವಾಗಿ ಒಂದು ಮನೆ ಮುಂದೆ ಹೋಗುತ್ತದೆ. ನಿಂತಲ್ಲಿಂದ ಮೊದಲ ಸಲ ಹೊರಡುವಾಗ ಮಾತ್ರ, ದಾರಿ ಖಾಲಿ ಇದ್ದರೆ, ಎರಡು ಮನೆ ಹೋಗಬಹುದು. ಹೊಡೆಯುವುದು ಮಾತ್ರ ಓರೆಯಾಗಿ, ಮುಂದಿನ ಎಡ ಅಥವಾ ಬಲ ಮನೆಗೆ. ನೇರ ಎದುರಿಗಿರುವ ಕಾಯಿಯನ್ನು ಹೊಡೆಯಲಾರದು, ಹಿಂದಕ್ಕಂತೂ ಬರಲಾರದು. ನಡೆಯುವ ದಾರಿ ಬೇರೆ, ಹೊಡೆಯುವ ದಾರಿ ಬೇರೆ ಎಂಬುದು ಆರು ಕಾಯಿಗಳಲ್ಲಿ ಇದೊಂದಕ್ಕೇ. ಆರಂಭದ ತಪ್ಪುಗಳಲ್ಲಿ ಬಹುಪಾಲು ಇದರದ್ದೇ ಆದ್ದರಿಂದ ಇದಕ್ಕೆ ಒಂದು ವಾರ ಪೂರ್ತಿ ಕೊಡುತ್ತೇವೆ.

ಬಹಳ ಕಡೆ ಕೊನೆಗೆ ಹೇಳಿಕೊಡುವ 'ಎನ್ ಪಾಸಾಂ' ನಿಯಮವನ್ನೂ ನಾವು ಮೊದಲ ದಿನವೇ ಹೇಳುತ್ತೇವೆ. ಬೋರ್ಡ್ ತುಂಬ ಕಾಯಿಗಳಿರುವಾಗ ಅದು ಮಂತ್ರವಾದಿಯ ಕೈಚಳಕದ ಹಾಗೆ ಕಾಣುತ್ತದೆ. ಬರೀ ಕಾಲಾಳುಗಳಿರುವಾಗ ನ್ಯಾಯವಾಗಿಯೇ ಕಾಣುತ್ತದೆ. ಬಿಳಿ ಕಾಲಾಳು ಇ5ರಲ್ಲಿದೆ. ಪಕ್ಕದ ಸಾಲಿನ ಕರಿ ಕಾಲಾಳು ಡಿ7ರಿಂದ ಒಂದೇ ಮನೆ ಬಂದು ಡಿ6ರಲ್ಲಿ ನಿಂತಿದ್ದರೆ ಏಟು ತಿನ್ನುತ್ತಿತ್ತು. ಅದು ಎರಡು ಮನೆ ಜಿಗಿದು ಡಿ5ಕ್ಕೆ, ಬಿಳಿ ಕಾಲಾಳಿನ ಮಗ್ಗುಲಿಗೆ ಬಂದು ನಿಂತಿತು. ಎರಡು ಮನೆಯ ಸವಲತ್ತು ಕೊಟ್ಟದ್ದು ಆಟ ಬೇಗ ಸಾಗಲಿ ಎಂದು, ಏಟು ತಪ್ಪಿಸಿಕೊಳ್ಳಲಿ ಎಂದಲ್ಲ. ಹಾಗಾಗಿ ಕರಿ ಕಾಲಾಳು ಡಿ6ರಲ್ಲೇ ನಿಂತಿದೆ ಎಂದುಕೊಂಡು ಬಿಳಿ ಅದನ್ನು ಹೊಡೆಯಬಹುದು: ಬಿಳಿ ಕಾಲಾಳು ಡಿ6ಕ್ಕೆ ಹೋಗುತ್ತದೆ, ಡಿ5ರ ಕರಿ ಕಾಲಾಳು ಬೋರ್ಡಿನಿಂದ ಹೊರಗೆ.

ಎಲ್ಲಿ ಎಡವುತ್ತಾರೆ ಎಂದರೆ, ಹೊಡೆದವರು ತಮ್ಮ ಕಾಲಾಳನ್ನು ಡಿ5ರಲ್ಲೇ ತಂದಿಡುತ್ತಾರೆ. ಖಾಲಿ ಮನೆಗೆ ಹೋಗಿ ಹೊಡೆಯುವುದು ಕೈಗೆ ಒಗ್ಗುವುದಿಲ್ಲ. ಎದುರಾಳಿ ಡಿ6ರಿಂದ ಡಿ5ಕ್ಕೆ ಒಂದು ಹೆಜ್ಜೆ ಬಂದಾಗಲೂ ಹೊಡೆಯಲು ನೋಡುತ್ತಾರೆ, ಅದಕ್ಕೆ ಅವಕಾಶವಿಲ್ಲ. ಎಲ್ಲಕ್ಕಿಂತ ಹೆಚ್ಚಾಗಿ, ಬೇರೊಂದು ನಡೆ ಆಡಿ ಬಂದು ಆಮೇಲೆ ಹೊಡೆಯುತ್ತಾರೆ. ಎರಡು ಮನೆ ಜಿಗಿದ ಮರುನಡೆಯಲ್ಲೇ ಹೊಡೆಯಬೇಕು, ಆ ನಡೆ ಕಳೆದರೆ ಹಕ್ಕೂ ಕಳೆಯಿತು. ಕಾಲಾಳು ಕಾಲಾಳನ್ನು ಮಾತ್ರ ಹೀಗೆ ಹೊಡೆಯುತ್ತದೆ. ಕುದುರೆಗೂ ಒಂಟೆಗೂ ಈ ಮಾತು ಸೇರುವುದಿಲ್ಲ.

ಎರಡನೇ ವಾರ ಆನೆ, ಒಂಟೆ, ರಾಣಿ ಬೇಗ ಮುಗಿಯುತ್ತವೆ. ಆನೆ ನೇರ ಮತ್ತು ಅಡ್ಡ, ಒಂಟೆ ಓರೆ, ರಾಣಿಗೆ ಎರಡೂ. ಮೂವರೂ ದಾರಿ ಖಾಲಿ ಇರುವಷ್ಟು ದೂರ ಹೋಗುತ್ತಾರೆ, ಯಾರನ್ನೂ ಹಾರಿ ದಾಟುವುದಿಲ್ಲ. ಖಾಲಿ ಬೋರ್ಡಿನ ಮೇಲೆ ಆನೆಗೆ ಎಲ್ಲಿ ನಿಂತರೂ 14 ಮನೆ ಸಿಗುತ್ತವೆ. ಒಂಟೆಗೆ ನಡುಮಧ್ಯೆ 13, ಮೂಲೆಯಲ್ಲಿ 7. ರಾಣಿಗೆ ನಡುಮಧ್ಯೆ 27. ಮಕ್ಕಳೇ ಬೆರಳಿಟ್ಟು ಎಣಿಸಬೇಕು. ಕಾಲಾಳಿಗೆ 1, ಕುದುರೆಗೂ ಒಂಟೆಗೂ 3, ಆನೆಗೆ 5, ರಾಣಿಗೆ 9 ಎಂದು ಬೆಲೆ ಕಟ್ಟುವುದೇಕೆ ಎಂಬುದು ಹೀಗೆ ಎಣಿಸಿದಾಗ ಅರ್ಧ ತಿಳಿದುಹೋಗುತ್ತದೆ.

ಕುದುರೆಗೆ ತಾಳ್ಮೆ ಬೇಕು. ಮರಾಠಿಯಲ್ಲಿ ಅಡೀಚ್ ಘರ್, ನಮ್ಮಲ್ಲಿ ಎರಡೂವರೆ ಮನೆ ಎಂದು ಹೇಳಿಕೊಟ್ಟಿರುತ್ತಾರೆ. ಈ ಅರ್ಧ ಮನೆ ಎಂದರೆ ಏನೆಂದು ಯಾವ ಮಗುವಿಗೂ ತಿಳಿಯುವುದಿಲ್ಲ. ಕೆಲವರು ನಿಂತ ಮನೆಯನ್ನೂ ಸೇರಿಸಿ ಎಣಿಸಿ ಒಂದು ಮನೆ ಹಿಂದೆಯೇ ಉಳಿಯುತ್ತಾರೆ. ನಾವು ಎರಡೇ ಮಾತು ಹೇಳುತ್ತೇವೆ: ನಿಂತ ಮನೆ ಬಿಟ್ಟು ನೇರವಾಗಿ ಎರಡು, ಪಕ್ಕಕ್ಕೆ ಒಂದು. ಇಳಿದ ಮೇಲೆ ಮನೆಯ ಬಣ್ಣ ನೋಡು, ಬದಲಾಗಿರಲೇಬೇಕು. ಬಿಳಿಯಿಂದ ಹೊರಟದ್ದು ಬಿಳಿಯಲ್ಲೇ ಇಳಿದರೆ ಎಣಿಕೆ ತಪ್ಪಿದೆ. ನಡುವೆ ಯಾರಿದ್ದರೂ ಕುದುರೆ ಹಾರಿಹೋಗುತ್ತದೆ, ಆದರೆ ಹಾರಿದವರನ್ನು ಹೊಡೆಯುವುದಿಲ್ಲ, ಇಳಿದ ಮನೆಯಲ್ಲಿದ್ದವರನ್ನು ಮಾತ್ರ. ಡಿ4ರಲ್ಲಿ ನಿಂತ ಕುದುರೆಗೆ 8 ಮನೆ, ಎ1 ಮೂಲೆಯಲ್ಲಿ ಬರೀ 2. ಮನೆಗೆ ಕೊಡುವ ಲೆಕ್ಕ ಒಂದೇ: ಎ1ರಿಂದ ಎಚ್8ಕ್ಕೆ ಕುದುರೆಯನ್ನು ಆರೇ ನಡೆಯಲ್ಲಿ ಮುಟ್ಟಿಸಿ ಬಾ. ಇದು ಕೈವಶವಾದವರಿಗೆ ಮುಂದಿನ ಮೆಟ್ಟಿಲು 64 ಮನೆಗಳನ್ನೂ ಒಂದೊಂದೇ ಸಲ ಮುಟ್ಟುವ ಕುದುರೆ ಓಟ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು (1794–1868) ಇಂಥ ಓಟಗಳನ್ನು ಕಟ್ಟುವುದರಲ್ಲಿ ಪಳಗಿದವರು. ಕುದುರೆ ಮುಟ್ಟಿದ ಕ್ರಮದಲ್ಲಿ ಮನೆಗಳಿಗೆ ಅಂಕಿ ಹಾಕಿದರೆ ಸಾಲುಗಳ ಮೊತ್ತ ಸಮನಾಗುವಂತೆ ಹೊಂದಿಸಿದ್ದರು. ಇದನ್ನು ಕೇಳಿದ ಮಕ್ಕಳು ನೋಟ್‌ಬುಕ್ಕಿನಲ್ಲಿ ಎಂಟು ಗೆರೆ ಎಳೆದು ತಾವಾಗಿ ಕೂರುತ್ತಾರೆ.

ಮೂರನೇ ಭಾನುವಾರ ರಾಜ ಬರುತ್ತಾನೆ, ಚೆಕ್ ಬರುತ್ತದೆ. ಚೆಕ್ ಎಂದರೆ ರಾಜ ನಿಂತ ಮನೆಗೇ ಎದುರಾಳಿಯ ಕಾಯಿಯ ಏಟು. ರಾಜ ಯಾವ ದಿಕ್ಕಿಗಾದರೂ ಒಂದೇ ಮನೆ. ಏಟು ಬೀಳುವ ಮನೆಗೆ ಕಾಲಿಡುವಂತಿಲ್ಲ, ಎದುರಿನ ರಾಜನ ಪಕ್ಕದ ಮನೆಗೂ ಇಲ್ಲ. ಚೆಕ್ ಬಿದ್ದಾಗ ಉಳಿಯುವ ದಾರಿ ಮೂರು: ಓಡು, ಅಡ್ಡ ಹಾಕು, ಚೆಕ್ ಕೊಟ್ಟವನನ್ನು ಹೊಡೆ. ಕುದುರೆಯ ಚೆಕ್‌ಗೆ ಅಡ್ಡ ಹಾಕಲು ಬರುವುದಿಲ್ಲ. ಎರಡು ಕಾಯಿ ಒಟ್ಟಿಗೆ ಚೆಕ್ ಕೊಟ್ಟರೆ ಓಡುವುದೊಂದೇ ದಾರಿ.

ಮೊಬೈಲ್‌ನಲ್ಲಿ ಕಲಿತವರ ಕಷ್ಟ ಎದ್ದು ಕಾಣುವುದು ಇಲ್ಲೇ. ಚೆಕ್ ಬಿದ್ದಿದ್ದರೂ ಅವರು ಬೇರೆಲ್ಲೋ ಕುದುರೆ ನಡೆಸುತ್ತಾರೆ. ಪರದೆಯ ಮೇಲೆ ರಾಜ ಕೆಂಪಗಾಗಿ ಎಚ್ಚರಿಸುತ್ತಿದ್ದ, ಇಲ್ಲಿ ಆಗುವುದಿಲ್ಲ. "ಚೆಕ್" ಎಂದು ಬಾಯಿಬಿಟ್ಟು ಹೇಳಲೇಬೇಕೆಂಬ ನಿಯಮವೂ ಇಲ್ಲ. ಬಿಲ್ಡಿಂಗಿನ ಆಟದಲ್ಲಿ ಇಂಥ ಹೊತ್ತಿಗೆ ಎದುರಾಳಿ ರಾಜನನ್ನೇ ಹೊಡೆದು ಗೆದ್ದೆ ಎನ್ನುತ್ತಾನೆ. ಅದೂ ತಪ್ಪು. ರಾಜನನ್ನು ಹೊಡೆಯುವುದು ಎಂಬುದೇ ಇಲ್ಲ. ತಪ್ಪು ನಡೆಯನ್ನು ಹಿಂದಕ್ಕೆ ತಂದು, ಚೆಕ್ ತಪ್ಪಿಸುವ ನಡೆ ಆಡಿಸಬೇಕು. ಇದಕ್ಕೆ ನಾವು ಒಂದು ಅಭ್ಯಾಸ ಹಿಡಿಸುತ್ತೇವೆ: ಎದುರಾಳಿ ಕಾಯಿ ಇಟ್ಟ ಕೂಡಲೇ ಕೈ ಮಡಿಲಲ್ಲಿಟ್ಟುಕೊಂಡು, ಆ ಕಾಯಿ ಈಗ ಯಾವ ಯಾವ ಮನೆ ನೋಡುತ್ತಿದೆ ಎಂದು ಪಿಸುಮಾತಿನಲ್ಲಿ ಹೇಳಬೇಕು. ಆಮೇಲೆ ತನ್ನ ನಡೆ. ಎರಡು ವಾರ ಹೀಗೆ ಮಾಡಿದರೆ ಪಿಸುಮಾತು ಬೇಕಾಗುವುದಿಲ್ಲ.

ನಾಲ್ಕನೇ ವಾರದ್ದು ಮೇಟ್ ಮತ್ತು ಸ್ಟೇಲ್‌ಮೇಟ್. ರಾಜನಿಗೆ ಚೆಕ್ ಇದೆ, ಉಳಿಯುವ ದಾರಿ ಇಲ್ಲ: ಅದು ಚೆಕ್‌ಮೇಟ್, ಆಟ ಮುಗಿಯಿತು. ಚೆಕ್ ಇಲ್ಲ, ಆದರೆ ಆಡಬೇಕಾದವರಿಗೆ ರಾಜನದ್ದಾಗಲಿ ಬೇರೆ ಕಾಯಿಯದ್ದಾಗಲಿ ನಿಯಮಕ್ಕೆ ಒಪ್ಪುವ ಒಂದು ನಡೆಯೂ ಇಲ್ಲ: ಅದು ಸ್ಟೇಲ್‌ಮೇಟ್, ಆಟ ಸಮ. ಮೊದಲ ವಾರ ಕಾಲಾಳುಗಳೆಲ್ಲ ಸಿಕ್ಕಿಹಾಕಿಕೊಂಡು ಸಮ ಆದದ್ದನ್ನು ನೆನಪಿಸಿದರೆ ತಕ್ಷಣ ಹಿಡಿಸುತ್ತದೆ.

ಗೆಲ್ಲುವ ಆಟ ಕೈತಪ್ಪುವುದು ಹೆಚ್ಚಾಗಿ ರಾಣಿ ಮತ್ತು ರಾಜ ಒಂದು ಕಡೆ, ಒಂಟಿ ರಾಜ ಇನ್ನೊಂದು ಕಡೆ ಇರುವಾಗ. ಸರಿಯಾಗಿ ಆಡಿದರೆ ಎಲ್ಲಿಂದ ಹೊರಟರೂ ಹತ್ತು ನಡೆಯೊಳಗೆ ಮೇಟ್ ಆಗುವ ಆಟವಿದು. ಮಕ್ಕಳು ಚೆಕ್ ಮೇಲೆ ಚೆಕ್ ಕೊಡುತ್ತಾ ಬೋರ್ಡಿಡೀ ಅಟ್ಟಿಸಿಕೊಂಡು ಹೋಗುತ್ತಾರೆ. ಮೇಟ್ ಮಾತ್ರ ಆಗುವುದಿಲ್ಲ. ಚೆಕ್ ಕೊಡುವುದನ್ನು ಬಿಡಿಸಿ, ರಾಣಿಯನ್ನು ಎದುರಿನ ರಾಜನಿಂದ ಕುದುರೆ ನಡೆಯಷ್ಟು ದೂರದಲ್ಲಿ ನಿಲ್ಲಿಸಲು ಹೇಳುತ್ತೇವೆ. ರಾಜ ಒಂದು ಹೆಜ್ಜೆ ಇಟ್ಟರೆ ರಾಣಿಯೂ ಅದೇ ದಿಕ್ಕಿಗೆ ಅಷ್ಟೇ ಹೆಜ್ಜೆ. ಬೇಲಿ ಕಿರಿದಾಗುತ್ತಾ ರಾಜ ತಾನೇ ಅಂಚಿಗೆ ಹೋಗುತ್ತಾನೆ.

ಅಪಾಯ ಇರುವುದೂ ಅದೇ ಕುದುರೆ ದೂರದಲ್ಲಿ. ಕರಿ ರಾಜ ಎಚ್8 ಮೂಲೆಗೆ ಹೋದ. ರೂಢಿಯಂತೆ ರಾಣಿಯನ್ನು ಎಫ್7ರಲ್ಲೋ ಜಿ6ರಲ್ಲೋ ತಂದಿಟ್ಟರೆ ಜಿ8, ಜಿ7, ಎಚ್7 ಮೂರೂ ಮನೆ ಮುಚ್ಚಿದವು. ಎಚ್8ಕ್ಕೆ ಮಾತ್ರ ಏಟಿಲ್ಲ. ಸ್ಟೇಲ್‌ಮೇಟ್. ಒಂಬತ್ತು ಅಂಕದ ರಾಣಿ ಕೈಯಲ್ಲಿದ್ದೂ ಆಟ ಸಮ, ಸಿಗುವುದು ಅರ್ಧ ಅಂಕ. ಹಾಗಾಗಿ ರಾಜ ಅಂಚಿನ ಸಾಲಿಗೆ ಬಂದೊಡನೆ ಹಿಂಬಾಲಿಸುವುದನ್ನು ನಿಲ್ಲಿಸಬೇಕು. ಕರಿ ರಾಜ ಜಿ8ರಲ್ಲಿದ್ದರೆ ರಾಣಿಯನ್ನು ಇ7ರಲ್ಲಿ ಬಿಟ್ಟುಬಿಡಿ. ಏಳನೇ ಸಾಲು ಪೂರ್ತಿ ಮುಚ್ಚಿತು, ಎಫ್8 ಕೂಡ. ಅವನಿಗೆ ಉಳಿದದ್ದು ಜಿ8, ಎಚ್8 ಎರಡೇ ಮನೆ, ಅತ್ತಿಂದಿತ್ತ ಓಡಾಡಿಕೊಂಡಿರಲಿ. ಅಷ್ಟರಲ್ಲಿ ನಿಮ್ಮ ರಾಜನನ್ನು ಜಿ6ರ ತನಕ ನಡೆಸಿಕೊಂಡು ಬನ್ನಿ. ಆಮೇಲೆ ಕರಿ ರಾಜ ಎರಡರಲ್ಲಿ ಎಲ್ಲಿದ್ದರೂ ರಾಣಿ ಜಿ7ಕ್ಕೆ, ಮೇಟ್. ಪ್ರತಿಯೊಬ್ಬರೂ ಇದನ್ನು ಹತ್ತು ಸಲ ಆಡಿ ತೋರಿಸಿದ ಮೇಲೆಯೇ ಪೂರ್ತಿ ಆಟಕ್ಕೆ ಬಿಡುತ್ತೇವೆ. "ಬರೀ ರಾಜ ಉಳಿದರೆ ಹದಿನಾರು ನಡೆಯಲ್ಲಿ ಮುಗಿಸಬೇಕು" ಎಂಬ ಬಿಲ್ಡಿಂಗಿನ ಕಟ್ಟಳೆ ನಿಜವಲ್ಲ. ನಿಯಮ ಇರುವುದು ಹೀಗೆ: ಇಬ್ಬರೂ ತಲಾ 50 ನಡೆ ಆಡಿ, ಅಷ್ಟರಲ್ಲಿ ಒಂದು ಕಾಲಾಳೂ ನಡೆಯದೆ ಒಂದು ಕಾಯಿಯೂ ಹೊಡೆತಕ್ಕೆ ಸಿಗದೆ ಇದ್ದರೆ ಸಮ ಎಂದು ಕೇಳಬಹುದು. ಅದೇ ಸ್ಥಿತಿ, ಅದೇ ಸರದಿ ಮೂರು ಸಲ ಬಂದರೂ ಕೇಳಬಹುದು.

ಐದನೇ ವಾರ ಕ್ಯಾಸ್ಲಿಂಗ್ (ರಾಜನೂ ಆನೆಯೂ ಒಂದೇ ನಡೆಯಲ್ಲಿ ಜಾಗ ಬದಲಿಸುವುದು) ಮತ್ತು ಕಾಲಾಳಿನ ಬಡ್ತಿ. ಈ ವಾರವೇ ಅಜ್ಜಂದಿರೂ ಮೊಮ್ಮಕ್ಕಳೂ ವಾದಕ್ಕೆ ಬೀಳುವುದು.

"ಅಜ್ಜಾ, ನನ್ನ ಕಾಲಾಳು ಮುಟ್ಟಿತು, ರಾಣಿ ಕೊಡಿ."

"ಅದು ಕುದುರೆ ಸಾಲು ಮಗಾ, ಅಲ್ಲಿ ಮುಟ್ಟಿದರೆ ಕುದುರೆಯೇ. ಮಂತ್ರಿ ಇನ್ನೂ ಬದುಕಿದ್ದಾನಲ್ಲ."

ಅಜ್ಜ ಹೇಳುವುದು ಸುಳ್ಳಲ್ಲ. ಅದು ಭಾರತದ ಹಳೆಯ ಪದ್ಧತಿ. ಅದರಲ್ಲಿ ಕಾಲಾಳು ಮೊದಲ ಸಲವೂ ಒಂದೇ ಮನೆ ನಡೆಯುತ್ತದೆ, ಕ್ಯಾಸ್ಲಿಂಗ್ ಬದಲು ರಾಜ ಒಮ್ಮೆ ಕುದುರೆಯಂತೆ ಹಾರುತ್ತಾನೆ. ಪಂಜಾಬಿನ ಮೀರ್ ಸುಲ್ತಾನ್ ಖಾನ್ ಆ ಪದ್ಧತಿಯಲ್ಲೇ ಬೆಳೆದು, ಆಮೇಲೆ ಈಗಿನ ನಿಯಮ ಕಲಿತು, 1929, 1932 ಮತ್ತು 1933ರಲ್ಲಿ ಬ್ರಿಟಿಷ್ ಚಾಂಪಿಯನ್ ಆದರು. ಇದನ್ನು ಹೇಳಿದ ಮೇಲೆ ಅಜ್ಜಂದಿರು ಹೊಸದನ್ನು ಸಂತೋಷದಿಂದಲೇ ಕೇಳುತ್ತಾರೆ. ಈಗಿನ ನಿಯಮದಲ್ಲಿ ಕೊನೆಯ ಸಾಲು ಮುಟ್ಟಿದ ಕಾಲಾಳು ಅದೇ ನಡೆಯಲ್ಲಿ ರಾಣಿ, ಆನೆ, ಒಂಟೆ, ಕುದುರೆ ಯಾವುದಾದರೂ ಆಗಬೇಕು. ಕಾಲಾಳಾಗಿ ಉಳಿಯುವಂತಿಲ್ಲ, ರಾಜನಾಗುವಂತಿಲ್ಲ. ಮೊದಲ ರಾಣಿ ಇದ್ದರೂ ಎರಡನೆಯದು ಬರುತ್ತಾಳೆ. ಬೇರೆ ರಾಣಿ ಇಲ್ಲವೆಂದು ಆನೆಯನ್ನು ತಲೆಕೆಳಗಾಗಿ ಇಡುವ ರೂಢಿ ಮನೆಯಲ್ಲಿ ನಡೆದೀತು. ಟೂರ್ನಮೆಂಟಿನಲ್ಲಿ ತಲೆಕೆಳಗಾದ ಆನೆಯೂ ಆನೆಯೇ. ಇಬ್ಬರ ಹೊತ್ತು ಅಳೆಯುವ ಆಟದ ಗಡಿಯಾರ ನಿಲ್ಲಿಸಿ ಆರ್ಬಿಟರ್, ಅಂದರೆ ತೀರ್ಪುಗಾರರ, ಹತ್ತಿರ ರಾಣಿ ಕೇಳಬೇಕು.

ಕ್ಯಾಸ್ಲಿಂಗ್‌ನಲ್ಲಿ ರಾಜ ಇ1ರಿಂದ ಎರಡು ಮನೆ ಪಕ್ಕಕ್ಕೆ, ಜಿ1ಕ್ಕೋ ಸಿ1ಕ್ಕೋ ಹೋಗುತ್ತಾನೆ. ಆ ಕಡೆಯ ಆನೆ ಅವನನ್ನು ದಾಟಿ ಎಫ್1ರಲ್ಲೋ ಡಿ1ರಲ್ಲೋ ನಿಲ್ಲುತ್ತದೆ. ರಾಜನೂ ಆ ಆನೆಯೂ ಅದುವರೆಗೆ ಕದಲಿರಬಾರದು, ನಡುವೆ ಯಾರೂ ಇರಬಾರದು. ರಾಜನಿಗೆ ಆಗ ಚೆಕ್ ಇರಬಾರದು, ಅವನು ದಾಟುವ ಮನೆಗೂ ಸೇರುವ ಮನೆಗೂ ಏಟಿರಬಾರದು. ಹಿಂದೆ ಯಾವಾಗಲೋ ಚೆಕ್ ಬಿದ್ದಿತ್ತು ಎಂಬ ಕಾರಣಕ್ಕೆ ಹಕ್ಕು ಹೋಗುವುದಿಲ್ಲ, ರಾಜ ಕದಲದೆ ಚೆಕ್ ತಪ್ಪಿದ್ದರೆ ಸಾಕು. ಆನೆಗೆ ಏಟಿದ್ದರೂ ಅಡ್ಡಿಯಿಲ್ಲ, ಎಡಗಡೆಯ ಬಿ1ಕ್ಕೆ ಏಟಿದ್ದರೂ ಅಡ್ಡಿಯಿಲ್ಲ. ರಾಜ ಆ ಮನೆ ತುಳಿಯುವುದೇ ಇಲ್ಲ. ಒಂದೇ ಕೈ, ಮೊದಲು ರಾಜ, ಆಮೇಲೆ ಆನೆ. ಆನೆಯನ್ನು ಮೊದಲು ಮುಟ್ಟಿದರೆ ಆ ನಡೆಯಲ್ಲಿ ಆ ಕಡೆಗೆ ಕ್ಯಾಸ್ಲಿಂಗ್ ಇಲ್ಲ, ಆನೆಯನ್ನೇ ನಡೆಸಬೇಕು.

ಮುಟ್ಟುವ ಮಾತಿನಿಂದಲೇ ಆರನೇ ವಾರ ಶುರು. ತನ್ನ ಸರದಿಯಲ್ಲಿ ಬೇಕೆಂದೇ ಮುಟ್ಟಿದ ಕಾಯಿಯನ್ನು ನಡೆಸಲೇಬೇಕು. ಎದುರಾಳಿಯ ಕಾಯಿ ಮುಟ್ಟಿದರೆ, ಸಾಧ್ಯವಿದ್ದರೆ, ಹೊಡೆಯಲೇಬೇಕು. ವಾರೆಯಾಗಿರುವ ಕಾಯಿ ಸರಿಮಾಡಬೇಕಿದ್ದರೆ ಮುಟ್ಟುವ ಮೊದಲು "ಅಡ್ಜಸ್ಟ್" ಎನ್ನಬೇಕು, ಮುಟ್ಟಿದ ಮೇಲಲ್ಲ. ಗಡಿಯಾರವನ್ನು ಕಾಯಿ ನಡೆಸಿದ ಕೈಯಿಂದಲೇ ಒತ್ತಬೇಕು. ಎಡಗೈ ಗುಂಡಿಯ ಮೇಲೆ, ಬಲಗೈ ಕಾಯಿಯ ಮೇಲೆ ಎಂಬ ಅವಸರ ನಡೆಯುವುದಿಲ್ಲ. ತಪ್ಪು ನಡೆ ಪೂರ್ತಿಯಾಗುವುದು ಗಡಿಯಾರ ಒತ್ತಿದಾಗ. ಒತ್ತುವ ಮುಂಚೆ ಕಂಡರೆ ತಿದ್ದಬಹುದು, ಆದರೆ ಮುಟ್ಟಿದ ಕಾಯಿಯಿಂದಲೇ. ಒತ್ತಿದ ಮೇಲಾದರೆ, ದೀರ್ಘ ಆಟಗಳಲ್ಲಿ ಮೊದಲ ಸಲ ಎದುರಾಳಿಗೆ ಎರಡು ನಿಮಿಷ ಹೆಚ್ಚು ಸಿಗುತ್ತದೆ, ಎರಡನೇ ಸಲ ಆಟವೇ ಹೋಗುತ್ತದೆ. ಏನೇ ತಕರಾರಿದ್ದರೂ ಗಡಿಯಾರ ನಿಲ್ಲಿಸಿ ಕೈ ಎತ್ತಿ, ಎದುರಿನ ಮಗುವಿನ ಜೊತೆ ವಾದ ಬೇಡ. ಅಪ್ಪ ಅಮ್ಮ ಸನ್ನೆ ಮಾಡುವಂತಿಲ್ಲ, ಮೊಬೈಲ್ ಆಟದ ಜಾಗಕ್ಕೆ ಬರುವಂತಿಲ್ಲ.

ಬಿಡುವ ಮೊದಲು ಹತ್ತು ಸ್ಥಿತಿಗಳನ್ನು ಒಂದೊಂದಾಗಿ ಜೋಡಿಸಿ ಕೇಳುತ್ತೇವೆ. ಹತ್ತನೆಯದರಲ್ಲಿ ಕರಿ ರಾಜ ಎಚ್8, ಬಿಳಿ ರಾಣಿ ಎಫ್7, ಬಿಳಿ ರಾಜ ಎಚ್6, ಎಡಗಡೆಯ ಎ7ರಲ್ಲಿ ಒಂದು ಕರಿ ಕಾಲಾಳು, ಕರಿಯ ಸರದಿ. ನಾಲ್ಕನೇ ವಾರ ಚೆನ್ನಾಗಿ ಕಲಿತವರೇ ಮೂಲೆ ನೋಡಿದ ಕೂಡಲೇ "ಸ್ಟೇಲ್‌ಮೇಟ್" ಎಂದುಬಿಡುತ್ತಾರೆ. ಬೋರ್ಡ್ ಪೂರ್ತಿ ನೋಡಿದವರು ಸ್ವಲ್ಪ ತಡೆದು, ಬೆರಳನ್ನು ಎ7ರ ಕಡೆ ತೋರಿಸುತ್ತಾರೆ. ಆ ಕಾಲಾಳಿಗೆ ನಡೆ ಇದೆ, ಎ6 ಅಥವಾ ಎ5, ಆದ್ದರಿಂದ ಅದು ನಡೆಯಲೇಬೇಕು. ನಡೆದ ಮೇಲೆ ಬಿಳಿ ರಾಣಿ ಜಿ7, ಮೇಟ್.